ಪೇಮೆಂಟ್ ಮುಗಿಸಿ ಬಂದರೆ ಸೆಷನ್ ಖಾಲಿ, ಸಹಾಯ ಬೇಕು

ನಮಸ್ಕಾರ. ನಾಟಕ ತಂಡವೊಂದಕ್ಕೆ ಪಿಎಚ್‌ಪಿ 8ರಲ್ಲಿ ಟಿಕೆಟ್ ಬುಕಿಂಗ್ ಸೈಟ್ ಮಾಡ್ತಿದ್ದೀನಿ. ಮೊದಲ ಪುಟದಲ್ಲಿ ಆರಿಸಿದ ಸೀಟು, ಹೆಸರು ಸೆಷನ್‌ನಲ್ಲಿಟ್ಟರೆ (ಬಳಕೆದಾರರ ಮಾಹಿತಿಯನ್ನ ಪುಟದಿಂದ ಪುಟಕ್ಕೆ ಸರ್ವರ್ ನೆನಪಿಡೋ ವ್ಯವಸ್ಥೆ) ಮೂರನೇ ಪುಟದವರೆಗೂ ಸಲೀಸಾಗಿ ಬರುತ್ತವೆ. ಪೇಮೆಂಟ್ ಗೇಟ್‌ವೇಗೆ ಹೋಗಿ ವಾಪಸ್ ಬಂದ ಕೂಡಲೇ ಎಲ್ಲ ಮಾಯ, ಸೆಷನ್ ಐಡಿಯೇ ಹೊಸದು! ಸೆಷನ್ ಸ್ಟಾರ್ಟ್ ಪ್ರತಿ ಪುಟದ ಮೊದಲ ಸಾಲಲ್ಲೇ ಇದೆ, ಅದನ್ನೇ ಮತ್ತೆ ಹೇಳಬೇಡಿ ಪ್ಲೀಸ್.

ಗೇಟ್‌ವೇ ಬಳಕೆದಾರರನ್ನ ಪೋಸ್ಟ್ (ಫಾರ್ಮ್ ಸಲ್ಲಿಸೋ ಥರದ ರಿಕ್ವೆಸ್ಟ್) ಮೂಲಕ ವಾಪಸ್ ಕಳಿಸುತ್ತೆ. ಸೆಷನ್ ಐಡಿ ಇರೋ ನನ್ನ ಕುಕಿಯ ಸೇಮ್‌ಸೈಟ್ (ಬೇರೆ ಸೈಟಿಂದ ಬರೋ ರಿಕ್ವೆಸ್ಟ್ ಜೊತೆ ಕುಕಿ ಹೋಗಬೇಕಾ ಅನ್ನೋ ಸೆಟ್ಟಿಂಗ್) 'ಲ್ಯಾಕ್ಸ್'. ಹಾಗಿದ್ದಾಗ ಬೇರೆ ಸೈಟಿಂದ ಬರೋ ಪೋಸ್ಟ್ ಜೊತೆ ಬ್ರೌಸರ್ ಕುಕಿ ಕಳಿಸಲ್ಲ, ಅಲ್ಲೇ ಎಡವಟ್ಟು ಅಂತ ಅನುಮಾನ. ಸೇಮ್‌ಸೈಟನ್ನ 'ನನ್' (None) ಮಾಡಿ 'ಸೆಕ್ಯೂರ್' (HTTPSನಲ್ಲಿ ಮಾತ್ರ ಕುಕಿ ಕಳಿಸು ಅನ್ನೋ ಗುರುತು) ಹಾಕೋಣ ಅಂದ್ರೆ ಲಾಗಿನ್ನಿಗೂ ಅದೇ ಕುಕಿ, ಸಿಎಸ್‌ಆರ್‌ಎಫ್ (ಲಾಗಿನ್ ಆದವರ ಹೆಸರಲ್ಲಿ ಬೇರೆ ಸೈಟು ಕಳ್ಳ ರಿಕ್ವೆಸ್ಟ್ ಕಳಿಸೋ ದಾಳಿ) ಭಯ. ಬುಕಿಂಗನ್ನು ಡೇಟಾಬೇಸ್‌ನಲ್ಲಿಟ್ಟು ಆರ್ಡರ್ ಐಡಿಯಿಂದ ಹುಡುಕೋದೇ ಮೇಲಾ? ಲೈವ್ ಸೈಟಲ್ಲಿ ಮಾಡಿರೋರು ದಯವಿಟ್ಟು ಹೇಳಿ.