ಆಡ್ ಬ್ಲಾಕರ್ ಹಾಕಿಕೊಳ್ಳಬೇಕೇ? ಹಾಕಿದರೆ ಯಾವುದು, ಎಲ್ಲೆಲ್ಲಿ?

ಪುಟತಿರುವು:
ಲ್ಯಾಪ್‌ಟಾಪ್‌ನಲ್ಲೂ ಆಂಡ್ರಾಯ್ಡ್ ಫೋನ್‌ನಲ್ಲೂ ಕ್ರೋಮ್ ಬಳಸುತ್ತೇನೆ. ಸುದ್ದಿ ತಾಣ ತೆರೆದರೆ ಎರಡು ಸಾಲು ಓದುವಷ್ಟರಲ್ಲಿ ಪುಟ ಕೆಳಕ್ಕೆ ಜಾರುತ್ತದೆ, ಮೂಲೆಯಲ್ಲಿ ವಿಡಿಯೊ ತಾನಾಗಿ ಶುರುವಾಗುತ್ತದೆ. ಆಡ್ ಬ್ಲಾಕರ್ ಹಾಕೋಣ ಅಂದರೆ ಕೆಲವು ಅನುಮಾನಗಳಿವೆ. ಬರೆಯುವವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ? ‘ಎಲ್ಲ ವೆಬ್‌ಸೈಟ್‌ಗಳ ಡೇಟಾ ಓದಲು, ಬದಲಿಸಲು’ ಅನುಮತಿ ಕೇಳುತ್ತದಲ್ಲ, ಕೊಡಬಹುದೇ? ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್ ಈಗ ಕ್ರೋಮ್‌ನಲ್ಲಿ ನಡೆಯುವುದಿಲ್ಲ ಅನ್ನುತ್ತಾರೆ, ನಿಜವೇ?

ಸೋಸುಬಟ್ಟೆ:
ಹಾಕಿಕೊಳ್ಳಿ. ಪುಟ ಜಾರುವುದು ಸಣ್ಣ ಕಾರಣ. ಜಾಹೀರಾತಿನ ಜಾಗವಿರುವ ಪುಟ ತೆರೆದ ಕೂಡಲೇ ಆ ಜಾಗಕ್ಕೆ ಹರಾಜು ನಡೆಯುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಈ ಹರಾಜಿಗಾಗಿ ನೀವು ಓದುತ್ತಿರುವ ಪುಟ, ಐಪಿ ವಿಳಾಸ, ಸುಮಾರಾಗಿ ಎಲ್ಲಿದ್ದೀರಿ, ಯಾವ ಸಾಧನ ಎಂಬುದೆಲ್ಲ ಹಲವು ಕಂಪನಿಗಳಿಗೆ ಹೋಗುತ್ತದೆ. ಗೆಲ್ಲುವುದು ಒಂದೇ ಕಂಪನಿ, ಮಾಹಿತಿ ಸಿಗುವುದು ಕೂಗಿದವರಿಗೆಲ್ಲ. ಹಾಗಾಗಿ ಜಾಹೀರಾತನ್ನು ಕಣ್ಣಿಗೆ ಬೀಳದಂತೆ ಮುಚ್ಚಿದರೆ ಸಾಲದು, ಜಾಹೀರಾತನ್ನು ಕೇಳುವ ಕೋರಿಕೆಯೇ ಬ್ರೌಸರ್‌ನಿಂದ ಹೊರಡಬಾರದು. ಒಳ್ಳೆಯ ಬ್ಲಾಕರ್ ಎರಡನ್ನೂ ಮಾಡುತ್ತದೆ: ಜಾಹೀರಾತುಗಳನ್ನೂ ಟ್ರ್ಯಾಕರ್‌ಗಳನ್ನೂ (ಓದುಗರ ಜಾಡು ಹಿಡಿಯುವ ಕೋಡ್) ಗುರುತಿಸುವ ಈಸಿಲಿಸ್ಟ್, ಈಸಿಪ್ರೈವಸಿಯಂಥ ಪಟ್ಟಿಗಳನ್ನು ನೋಡಿ ಕೋರಿಕೆಯನ್ನೇ ತಡೆಯುತ್ತದೆ, ಆಮೇಲೆ ಉಳಿದ ಖಾಲಿ ಚೌಕವನ್ನು ಮರೆಮಾಡುತ್ತದೆ.

ಸುರಕ್ಷತೆಯ ಮಾತೂ ಇದೆ. ಹುಡುಕಾಟದ ಫಲಿತಾಂಶದ ಮೇಲ್ತುದಿಯಲ್ಲಿ ಜಾಹೀರಾತು ಜಾಗ ಕೊಂಡು, ಹೆಸರಾಂತ ಕಂಪನಿಗಳ ಸೋಗಿನಲ್ಲಿ ವಂಚಕರು ಕೂರುತ್ತಾರೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿ, ಹುಡುಕುವಾಗ ಆಡ್ ಬ್ಲಾಕರ್ ಬಳಸಿ ಎಂದಿತ್ತು.

ಅನುಮತಿಯ ಬಗ್ಗೆ ನಿಮ್ಮ ಅಂಜಿಕೆ ಸರಿಯೇ. ಅದನ್ನು ಪಡೆದ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಕಿರುತಂತ್ರಾಂಶ) ನಿಮ್ಮ ಬ್ಯಾಂಕಿನ ಪುಟವನ್ನೂ ಓದಬಲ್ಲದು. ಆದ್ದರಿಂದ ಸೋರ್ಸ್ ಕೋಡ್ ಬಹಿರಂಗವಾಗಿರುವುದನ್ನೇ ಆರಿಸಿ, ಹೆಸರು ಪೂರ್ತಿ ನೋಡಿ. ‘ಯುಬ್ಲಾಕ್’ ಬೇರೆ, ‘ಯುಬ್ಲಾಕ್ ಒರಿಜಿನ್’ ಬೇರೆ. ಎರಡನೆಯದರ ಡೆವಲಪರ್ ರೇಮಂಡ್ ಹಿಲ್.

ಕ್ರೋಮ್ ವಿಷಯ ನಿಜ. ಮ್ಯಾನಿಫೆಸ್ಟ್ ಎಂಬುದು ಎಕ್ಸ್‌ಟೆನ್ಶನ್ ಬರೆಯಲು ಇರುವ ನಿಯಮಾವಳಿ. ಅದರ ಹಳೆಯ ಆವೃತ್ತಿಯಾದ ಮ್ಯಾನಿಫೆಸ್ಟ್ 2ರ ಎಕ್ಸ್‌ಟೆನ್ಶನ್‌ಗಳನ್ನು 2024ರಿಂದ ಹಂತಹಂತವಾಗಿ ನಿಲ್ಲಿಸಿ 2025ರಲ್ಲಿ ಪೂರ್ತಿ ತೆಗೆದರು. ಮೊದಲು ಪ್ರತಿ ಕೋರಿಕೆಯನ್ನೂ ಎಕ್ಸ್‌ಟೆನ್ಶನ್ ತಾನೇ ನೋಡಿ ತೀರ್ಮಾನಿಸುತ್ತಿತ್ತು. ಮ್ಯಾನಿಫೆಸ್ಟ್ 3ರಲ್ಲಿ ನಿಯಮಗಳನ್ನು ಮುಂಚೆಯೇ ಬ್ರೌಸರ್‌ಗೆ ಒಪ್ಪಿಸಬೇಕು, ತಡೆಯುವುದು ಬ್ರೌಸರ್. ಕ್ರೋಮ್ ಬಿಡಲಾಗದಿದ್ದರೆ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ. ಅದರ ಬೇಸಿಕ್ ಮೋಡ್‌ಗೆ ಪುಟ ಓದುವ ಅನುಮತಿಯೇ ಬೇಡ. ಕೊರತೆ ಎಂದರೆ ಪಟ್ಟಿ ಹೊಸದಾಗಬೇಕಾದರೆ ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿಯೇ ಬರಬೇಕು, ಹಾಗಾಗಿ ದಿನದಿನಕ್ಕೆ ತಂತ್ರ ಬದಲಿಸುವ ತಾಣಗಳಲ್ಲಿ ಹಿಂದೆ ಬೀಳುತ್ತದೆ. ಪೂರ್ಣ ಆವೃತ್ತಿ ಬೇಕಾದರೆ ಫೈರ್‌ಫಾಕ್ಸ್‌ಗೆ ಬನ್ನಿ. ತಾಣದ ಸ್ವಂತ ಉಪಡೊಮೈನ್‌ನ ವೇಷದಲ್ಲಿ ಬರುವ ಟ್ರ್ಯಾಕರ್‌ಗಳನ್ನು ಬಿಚ್ಚಿ ನೋಡುವ ಯುಬ್ಲಾಕ್ ಒರಿಜಿನ್‌ನ ಸೌಲಭ್ಯ ಅಲ್ಲಿ ಮಾತ್ರ ಇದೆ.

ಎರಡು ಬ್ಲಾಕರ್ ಒಟ್ಟಿಗೆ ಬೇಡ. ತಾಣಕ್ಕೆ ಅನುಮಾನ ಬರದಂತೆ ಒಂದು ಬ್ಲಾಕರ್ ಜಾಹೀರಾತು ಸ್ಕ್ರಿಪ್ಟ್‌ನ ಜಾಗದಲ್ಲಿ ಪೊಳ್ಳು ಸ್ಕ್ರಿಪ್ಟ್ ಇಡುತ್ತದೆ. ಇನ್ನೊಂದು ಅದೇ ಕೋರಿಕೆಯನ್ನು ನೇರವಾಗಿ ಕತ್ತರಿಸುತ್ತದೆ. ಆಗ ‘ಆಡ್ ಬ್ಲಾಕರ್ ತೆಗೆಯಿರಿ’ ಎಂಬ ಪರದೆ ಎದುರಾಗುತ್ತದೆ.

ಅಚ್ಚುಮೊಳೆ:
ಬರೆಯುವವರ ಪ್ರಶ್ನೆಗೆ ಮೇಲಿನ ಉತ್ತರದಲ್ಲಿ ಜಾಗ ಸಿಕ್ಕಿಲ್ಲ. ಇಂಥ ಜಾಹೀರಾತುಗಳಿಗೆ ಸಾಮಾನ್ಯವಾಗಿ ಸಾವಿರ ಬಾರಿ ಕಂಡದ್ದಕ್ಕೆ ಇಷ್ಟು, ಇಲ್ಲವೇ ಒಂದು ಕ್ಲಿಕ್‌ಗೆ ಇಷ್ಟು ಎಂಬ ಲೆಕ್ಕ. ಕೋರಿಕೆ ಹೊರಡದಿದ್ದರೆ ನಿಮ್ಮ ಭೇಟಿ ಲೆಕ್ಕಕ್ಕೇ ಬರುವುದಿಲ್ಲ. ಬೇರೆ ಆದಾಯವಿಲ್ಲದ ಸಣ್ಣ ತಾಣಕ್ಕೆ ಅದು ನೇರ ನಷ್ಟ, ಇದನ್ನು ಮುಚ್ಚಿಡಬಾರದು. ಚಂದಾ ಅಥವಾ ದೇಣಿಗೆಯ ದಾರಿ ಇದ್ದರೆ ಹಣ ಕೊಡಿ, ಬ್ಲಾಕರ್ ಇರಲಿ. ಇಲ್ಲದಿದ್ದರೆ, ಪುಟ ಓದಲು ಬರುವಂತೆ ಜಾಹೀರಾತು ಇಟ್ಟಿರುವ ತಾಣಕ್ಕೆ ವಿನಾಯಿತಿ ಕೊಡಿ: ಯುಬ್ಲಾಕ್ ಒರಿಜಿನ್ ಐಕಾನ್ ಒತ್ತಿ, ದೊಡ್ಡ ಪವರ್ ಗುಂಡಿ ಒತ್ತಿ ಆಫ್ ಮಾಡಿ, ಪುಟ ರೀಲೋಡ್ ಮಾಡಿ. ಆ ತಾಣದ ಮಟ್ಟಿಗೆ ಅದು ನೆನಪಿರುತ್ತದೆ. ಕಂಟ್ರೋಲ್ ಕೀ ಹಿಡಿದು ಒತ್ತಿದರೆ ಆ ಒಂದು ಪುಟಕ್ಕಷ್ಟೇ. ವಿನಾಯಿತಿ ಕೊಟ್ಟಲ್ಲಿ ಟ್ರ್ಯಾಕರ್‌ಗಳೂ ಒಳಬರುತ್ತವೆ ಎಂಬುದು ಗೊತ್ತಿರಲಿ.

ಆಡ್‌ಬ್ಲಾಕ್ ಪ್ಲಸ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ‘ಅಕ್ಸೆಪ್ಟೆಬಲ್ ಆಡ್ಸ್’ ನೋಡಿ. 2011ರಿಂದ ಇರುವ ಈ ಪಟ್ಟಿ ತಾನಾಗಿಯೇ ಆನ್ ಆಗಿರುತ್ತದೆ. ಅಬ್ಬರವಿಲ್ಲದ ಜಾಹೀರಾತುಗಳನ್ನು ಬಿಡುವುದು ಅದರ ಉದ್ದೇಶ, ಆದರೆ ಅದರಲ್ಲಿ ಸೇರಲು ದೊಡ್ಡ ಕಂಪನಿಗಳು ಹಣ ಕೊಡುತ್ತವೆ. ನನಗೆ ಈ ಏರ್ಪಾಡು ಒಪ್ಪಿಗೆಯಿಲ್ಲ. ಯಾರಿಗೆ ವಿನಾಯಿತಿ ಎಂಬುದನ್ನು ಓದುಗರೇ ತೀರ್ಮಾನಿಸಬೇಕು.

ತಂತಿಬೇಲಿ:
ಫೋನ್ ಬಗ್ಗೆ ಯಾರೂ ಹೇಳಲಿಲ್ಲ. ಆಂಡ್ರಾಯ್ಡ್ ಫೋನ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್ ಹಾಕಿ ಅದರ ಮೆನುವಿನಿಂದ ಯುಬ್ಲಾಕ್ ಒರಿಜಿನ್ ಸೇರಿಸಿಕೊಳ್ಳಿ. ಆ್ಯಪ್‌ಗಳೊಳಗಿನ ಜಾಹೀರಾತೂ ಕಡಿಮೆಯಾಗಬೇಕಾದರೆ ಪ್ರೈವೇಟ್ ಡಿಎನ್ಎಸ್ ಇದೆ, ಆಂಡ್ರಾಯ್ಡ್ 9ರಿಂದ ಮುಂದಕ್ಕೆ. ಡಿಎನ್ಎಸ್ ಎಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ತೆರೆದು, ಆಡ್‌ಗಾರ್ಡ್ ಡಿಎನ್ಎಸ್‌ನಂಥ ಸೇವೆಯ ಹೋಸ್ಟ್‌ನೇಮ್ ತುಂಬಿ. ಅಂಕಿಯ ಐಪಿ ವಿಳಾಸವನ್ನು ಆ ಜಾಗ ಒಪ್ಪುವುದಿಲ್ಲ, ಬಹಳ ಮಂದಿ ಇಲ್ಲೇ ಸಿಕ್ಕಿಬೀಳುತ್ತಾರೆ.

ಡಿಎನ್ಎಸ್ ತಡೆಗೆ ಮಿತಿ ಇದೆ. ಅದಕ್ಕೆ ಡೊಮೈನ್ ಹೆಸರು ಮಾತ್ರ ಕಾಣುತ್ತದೆ. ವಿಡಿಯೊವೂ ಅದರ ನಡುವಿನ ಜಾಹೀರಾತೂ ಒಂದೇ ಡೊಮೈನ್‌ನಿಂದ ಬಂದರೆ ಬೇರ್ಪಡಿಸಲಾಗದು. ಇಡೀ ಮನೆಯ ನೆಟ್‌ವರ್ಕ್‌ಗೆ ಇದೇ ಬಗೆಯ ತಡೆ ಹಾಕುವ, ಯೂಟ್ಯೂಬ್‌ನಲ್ಲಿ ಪೈ‑ಹೋಲ್ ಸೋಲುವುದೂ ಇದಕ್ಕೇ. ಇನ್ನೊಂದು ತೊಡಕು: ಪ್ರೈವೇಟ್ ಡಿಎನ್ಎಸ್ 853ನೇ ಪೋರ್ಟ್ ಬಳಸುತ್ತದೆ. ಕೆಲವು ಸಾರ್ವಜನಿಕ ವೈಫೈಗಳಲ್ಲಿ ಆ ಪೋರ್ಟ್ ಮುಚ್ಚಿರುತ್ತದೆ, ಆಗ ವೈಫೈ ಸಿಕ್ಕಿದ್ದರೂ ಇಂಟರ್‌ನೆಟ್ ಇಲ್ಲ ಅನ್ನುತ್ತದೆ. ಅಲ್ಲಿರುವಷ್ಟು ಹೊತ್ತು ‘ಆಟೊಮ್ಯಾಟಿಕ್’ಗೆ ಬದಲಿಸಿ.

ಪುಟತಿರುವು:
ಎಲ್ಲರಿಗೂ ಧನ್ಯವಾದ. ಫೈರ್‌ಫಾಕ್ಸ್ ಹಾಕಿದೆ, ಓದುವುದು ಹಾಯಾಗಿದೆ. ಹಣ ಪಾವತಿಸುವ ಪುಟ ಬಿಳಿಯಾಗಿ ನಿಂತರೆ ಏನು ಮಾಡಬೇಕು?

ಸೋಸುಬಟ್ಟೆ:
ಆ ಪುಟವನ್ನು ರೀಲೋಡ್ ಮಾಡಬೇಡಿ, ಎರಡು ಸಲ ಹಣ ಹೋಗುವ ಅಪಾಯವಿದೆ. ಮೊದಲು ಆರ್ಡರ್ ಪಟ್ಟಿಯನ್ನೂ ಬ್ಯಾಂಕ್ ಖಾತೆಯನ್ನೂ ನೋಡಿ. ಹಣ ಕಡಿತವಾಗಿಲ್ಲ ಎಂದು ಖಚಿತವಾದರೆ ಅಂಗಡಿಯ ತಾಣದಲ್ಲಿ ಪವರ್ ಗುಂಡಿ ಆಫ್ ಮಾಡಿ ಪಾವತಿಯನ್ನು ಮೊದಲಿನಿಂದ ಶುರುಮಾಡಿ. ಬ್ಯಾಂಕಿನ ಪುಟ ಬೇರೆ ವಿಳಾಸಕ್ಕೆ ಹಾರಿದರೆ ಅಂಗಡಿಗೆ ಕೊಟ್ಟ ವಿನಾಯಿತಿ ಅಲ್ಲಿ ನಡೆಯುವುದಿಲ್ಲ, ಅಲ್ಲಿಗೂ ಪ್ರತ್ಯೇಕವಾಗಿ ಕೊಡಬೇಕು. ಯಾವ ಪಟ್ಟಿ ತಡೆಯುತ್ತಿದೆ ಎಂದು ತಿಳಿಯಲು ಯುಬ್ಲಾಕ್ ಒರಿಜಿನ್‌ನ ಲಾಗರ್ (ಕೋರಿಕೆಗಳ ದಾಖಲೆ ತೋರಿಸುವ ಕಿಟಕಿ) ತೆರೆದಿಟ್ಟು ಪಾವತಿಯ ಹಾದಿ ಹಿಡಿಯಿರಿ. ಕೆಂಪು ಸಾಲುಗಳು ತಡೆದ ಕೋರಿಕೆಗಳು. ಸಾಲನ್ನು ಒತ್ತಿದರೆ ನಿಯಮವೂ ಅದು ಬಂದ ಪಟ್ಟಿಯ ಹೆಸರೂ ಸಿಗುತ್ತದೆ. ನೀವೇ ಹೆಚ್ಚುವರಿಯಾಗಿ ಸೇರಿಸಿದ ಪಟ್ಟಿ ಅದಾಗಿದ್ದರೆ ಮೊದಲು ಅದನ್ನೇ ತೆಗೆದು ನೋಡಿ.