ಲಿನಕ್ಸ್ ಬಳಕೆದಾರರ ಗುಂಪಿನ ಪ್ರಶ್ನೋತ್ತರ: ಪಾಸ್‌ವರ್ಡ್ ಸರಿಯಿದ್ದರೂ ಡೆಸ್ಕ್‌ಟಾಪ್ ತೆರೆಯುತ್ತಿಲ್ಲ

ಶಿಕ್ಷಕಿ, ಶಿರಸಿ: ಮೇಡಂ, ನಮ್ಮ ಶಾಲೆಯ ಲಿನಕ್ಸ್ ಮಿಂಟ್ ಕಂಪ್ಯೂಟರಿನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂದು ನಿಲ್ಲುತ್ತದೆ. ಹತ್ತನೆಯ ತರಗತಿಯ ಅಂಕಗಳೆಲ್ಲ ಅದರಲ್ಲಿಯೇ ಇವೆ.

ಸದಸ್ಯ, ಹಾಸನ: ನನ್ನ ಕಂಪ್ಯೂಟರಿನಲ್ಲಿ ಲಿನಕ್ಸ್, ವಿಂಡೋಸ್ ಎರಡೂ ಇವೆ. ವಿಂಡೋಸ್ ತೆರೆದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಏನು ಮಾಡಬೇಕು?

ಸಿಸ್ಟಂ ಅಡ್ಮಿನ್: ಹಾಸನದವರಿಗೆ: ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಕೊಡಿ.
ಶಿರಸಿಯವರಿಗೆ: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬರುವ ಬರೀ ಅಕ್ಷರಗಳ ಪರದೆಯಲ್ಲಿ ಲಾಗಿನ್ ಆಗಿ 'ಡಿಎಫ್ -ಎಚ್' ಕೊಟ್ಟು ಡಿಸ್ಕ್ ತುಂಬಿದೆಯೇ ಎಂದು ತಿಳಿಸಿ. ತುಂಬಿದ್ದರೂ ಹೀಗಾಗುತ್ತದೆ. ಬೇರೇನನ್ನೂ ಮಾಡಬೇಡಿ.

ಶಿಕ್ಷಕಿ: ನೂರಕ್ಕೆ ನೂರು ಎಂದು ತೋರಿಸುತ್ತಿದೆ. ಆದರೆ ನಿಮ್ಮ ಉತ್ತರ ಬರುವ ಮೊದಲೇ ಒಬ್ಬರು ಫಾರ್ವರ್ಡ್ ಮಾಡಿದ 'ಸುಡೊ ಸಿಎಚ್‌ಮಾಡ್ -ಆರ್ 777 /' ಕೊಟ್ಟಿದ್ದೆ. ಈಗ ಅಡ್ಮಿನ್ ಅಧಿಕಾರ ಕೊಡುವ ಸುಡೊ ಕೂಡ ನಡೆಯುತ್ತಿಲ್ಲ.

ಸಿಸ್ಟಂ ಅಡ್ಮಿನ್: ಆ ಸಂದೇಶವನ್ನು ಹಂಚಿದವರು ದಯವಿಟ್ಟು ಅಳಿಸಿ, ಇದು ಈ ಗುಂಪಿಗೆ ಬಂದಿರುವುದು ಮೊದಲ ಸಲವೂ ಅಲ್ಲ. ಸುಡೊ ನಡೆಯಬೇಕಾದರೆ ಅದರ ಕಡತದ ಮೇಲೆ ಸೆಟ್‌ಯುಐಡಿ (ಯಾರು ನಡೆಸಿದರೂ ಕಡತದ ಒಡೆಯನ ಅಧಿಕಾರದಲ್ಲಿ ನಡೆಯಲಿ) ಎಂಬ ಗುರುತು ಇರಲೇಬೇಕು, ಆ ಆದೇಶ ಅದನ್ನೇ ಅಳಿಸಿಹಾಕಿ, ವ್ಯವಸ್ಥೆಯ ಪ್ರತಿಯೊಂದು ಕಡತವನ್ನೂ ಯಾರು ಬೇಕಾದರೂ ತಿದ್ದುವಂತೆ ಮಾಡುತ್ತದೆ. ಯಾವುದಕ್ಕೆ ಮೊದಲು ಯಾವ ಅನುಮತಿ ಇತ್ತೆಂಬ ದಾಖಲೆ ಎಲ್ಲಿಯೂ ಉಳಿಯದಿರುವುದರಿಂದ ಅದನ್ನು ಹಿಂತೆಗೆಯುವ ಆದೇಶವೇ ಇಲ್ಲ. ಅಂಕಗಳು ಮಾತ್ರ ಹಾಗೆಯೇ ಇವೆ, ಗಾಬರಿ ಬೇಡ.

ಸದಸ್ಯ, ಧಾರವಾಡ: ವ್ಯವಸ್ಥೆಯ ಪ್ರತಿಗಳನ್ನು ತೆಗೆದಿಡುವ ಟೈಮ್‌ಶಿಫ್ಟ್ ಇದ್ದರೆ ಹಳೆಯ ಸ್ಥಿತಿಗೆ ಮರಳಬಹುದಲ್ಲ? ಇಷ್ಟು ಹೆದರಿಸುವುದೇಕೆ?

ಸಿಸ್ಟಂ ಅಡ್ಮಿನ್: ಅದರ ಪ್ರತಿಗಳು ಆ ಆದೇಶ ನಡೆದಾಗ ಜೋಡಿಸಿರದ ಬೇರೆ ಡಿಸ್ಕಿನಲ್ಲಿದ್ದರೆ ಖಂಡಿತ ಮರಳಬಹುದು. ವ್ಯವಸ್ಥೆಯಿರುವ ಅದೇ ಡಿಸ್ಕ್ ವಿಭಾಗದಲ್ಲಿದ್ದರೆ ಆ ಆದೇಶ ಪ್ರತಿಗಳೊಳಗೂ ಇಳಿದು ಅವುಗಳ ಅನುಮತಿಗಳನ್ನೂ ಕೆಡಿಸಿರುತ್ತದೆ. ಡಿಸ್ಕ್ ತುಂಬಿದ್ದೂ ಅವುಗಳಿಂದಲೇ ಎಂಬುದು ನನ್ನ ಗುಮಾನಿ.

ಸದಸ್ಯ, ಮೈಸೂರು: ಮಿಂಟ್‌ನಲ್ಲಿ 'ನುಡಿ' ತಂತ್ರಾಂಶದ ಕನ್ನಡ ಕೀಲಿಮಣೆ ವಿನ್ಯಾಸ ಸಿಗುತ್ತದೆಯೇ?

ಸದಸ್ಯ, ಧಾರವಾಡ: ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿಯಿರಿ, ಭಾರತೀಯ ಭಾಷೆಗಳಿಗೆಲ್ಲ ಅದೊಂದೇ ಸಾಕು.

ಸದಸ್ಯ, ಮೈಸೂರು: ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದನ್ನು ಬಿಟ್ಟು ನಾನು ಬೇರೆಯದನ್ನು ಏಕೆ ಕಲಿಯಬೇಕು? ಕೇಳಿದ್ದು ಉಪದೇಶವಲ್ಲ.

ಸದಸ್ಯ, ಧಾರವಾಡ: ಹಾಗಾದರೆ ವಿಂಡೋಸ್‌ನಲ್ಲಿಯೇ ಇರಿ.

ಸಿಸ್ಟಂ ಅಡ್ಮಿನ್: ಕನ್ನಡ ಬರೆಯಲು ಐಬಸ್ ಮತ್ತು ಎಂ17ಎನ್ ಎಂಬ ತಂತ್ರಾಂಶಗಳನ್ನು ಹಾಕಿಕೊಳ್ಳಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬುದನ್ನು ಆರಿಸಿ, ನುಡಿಯ ವಿನ್ಯಾಸ ಅದೇ. ಜಗಳ ಬೇರೆ ಕಡೆ ಆಡಿ.

ಸದಸ್ಯೆ, ಉಡುಪಿ: ಪ್ಯಾನೆಲ್ಲನ್ನು ಪರದೆಯ ಎಡಬದಿಗೆ ತರುವುದು ಹೇಗೆ?

ಸದಸ್ಯ, ತುಮಕೂರು: ನನ್ನಲ್ಲಿಯೂ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಓಡುತ್ತಿದೆ.

ಸಿಸ್ಟಂ ಅಡ್ಮಿನ್: ಮೇಲೆ ಓದಿ.

ಶಿಕ್ಷಕಿ: ಪ್ರತಿಗಳು ಅದೇ ಡಿಸ್ಕಿನಲ್ಲಿಯೇ ಇರುವುದು. ಮುಂದೇನು, ಮೇಡಂ?

ಸಿಸ್ಟಂ ಅಡ್ಮಿನ್: ಇನ್ನೊಂದು ಕಂಪ್ಯೂಟರಿನಲ್ಲಿ ಮಿಂಟ್‌ನ ಪೆನ್‌ಡ್ರೈವ್ ಸಿದ್ಧಪಡಿಸಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ, ಹಳೆಯ ಡಿಸ್ಕಿನ ಹೋಮ್ ಕಡತಕೋಶದಲ್ಲಿ ನಿಮ್ಮ ಹೆಸರಿನಡಿ ಇರುವುದೆಲ್ಲವನ್ನೂ ಬಾಹ್ಯ ಡಿಸ್ಕಿಗೆ ನಕಲಿಸಿಕೊಳ್ಳಿ. ಅಂಕಗಳ ಕಡತಗಳನ್ನು ಅಲ್ಲಿ ಒಂದೊಂದಾಗಿ ತೆರೆದು ನೋಡಿದ ನಂತರವೇ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಟೈಮ್‌ಶಿಫ್ಟ್ ಹೋಮ್ ಕಡತಕೋಶವನ್ನು ತಾನಾಗಿ ಉಳಿಸುವುದಿಲ್ಲ. ಅಂಕಗಳಿಗೆ ಬೇರೆ ಪ್ರತಿಯೇ ಬೇಕು.

ಸದಸ್ಯ, ಧಾರವಾಡ: ಇಷ್ಟೆಲ್ಲ ಏಕೆ, 777 ಬದಲು 755 ಕೊಟ್ಟರೆ ಸರಿಹೋಗುತ್ತದೆ.

ಸಿಸ್ಟಂ ಅಡ್ಮಿನ್: ಸೆಟ್‌ಯುಐಡಿ ಅದರಿಂದ ಮರಳುವುದಿಲ್ಲ, ಪಾಸ್‌ವರ್ಡ್‌ಗಳ ಕಡತ ಎಲ್ಲರಿಗೂ ಓದಲು ಸಿಗುತ್ತದೆ. ಶಿರಸಿಯವರು ಇದನ್ನು ಮಾಡಬಾರದು. ಮಾಡಿದ್ದರೆ ಈಗಲೇ ತಿಳಿಸಿ.