ಅಪ್‌ಡೇಟ್: ಕೊಬ್ಬು ಇಳಿಸುತ್ತಲೇ ಸ್ನಾಯು ಬೆಳೆಸಲು ಹೊರಟ 16 ವಾರಗಳ ನಂತರ

ಕಡಿಮೆ ಕ್ಯಾಲೊರಿ ತಿನ್ನುತ್ತಾ ಸ್ನಾಯು ಬೆಳೆಸೋಕೆ ಆಗುತ್ತಾ, ಅಥವಾ ಮೊದಲು ಕೊಬ್ಬು ಇಳಿಸಿ ಆಮೇಲೆ ನೋಡಬೇಕಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಆಗುತ್ತೆ. ನನ್ನ ಹಾಗೆ ವೇಟ್ ಟ್ರೇನಿಂಗ್‌ಗೆ ಹೊಸಬರಾಗಿದ್ದು, ಮೈಯಲ್ಲಿ ಕೊಬ್ಬೂ ಸಾಕಷ್ಟಿದ್ದರೆ ಇನ್ನೂ ಸುಲಭ.

ತೂಕ 84 ಕೆಜಿಯಿಂದ 79ಕ್ಕೆ ಬಂದಿದೆ, ಸೊಂಟದ ಸುತ್ತಳತೆ 9 ಸೆಂ.ಮೀ. ಇಳಿದಿದೆ. ಸ್ಕ್ವಾಟ್‌ನಲ್ಲಿ (ಹೆಗಲ ಮೇಲೆ ಭಾರ ಹೊತ್ತು ಕುಳಿತು ಏಳೋದು) ಎತ್ತುವ ಭಾರ 40 ಕೆಜಿಯಿಂದ 75ಕ್ಕೆ ಏರಿದೆ. ಶುರುವಿನ ಶಕ್ತಿಯಲ್ಲಿ ದೊಡ್ಡ ಪಾಲು ನರಗಳು ಪಳಗೋದರಿಂದ ಬರುತ್ತೆ, ಹಾಗಾಗಿ ಅಷ್ಟೂ ಸ್ನಾಯು ಅಂತ ಹೇಳಲ್ಲ. ಆದರೆ ತೋಳು, ತೊಡೆ ತುಂಬಿಕೊಂಡಿರೋದು ಕಣ್ಣಿಗೇ ಕಾಣ್ತಿದೆ.

ಮೊದಲ ತಿಂಗಳು ತಪ್ಪು ಮಾಡಿದೆ. ಬೇಗ ಇಳಿಯಲಿ ಅಂತ ದಿನಕ್ಕೆ 900 ಕ್ಯಾಲೊರಿ ಕಡಿತ ಮಾಡಿದ್ದೆ. ನಿದ್ದೆ ಕೆಟ್ಟಿತು, ಎತ್ತುವ ಭಾರ ಹಿಂದಕ್ಕೆ ಹೋಯಿತು. ನಿಮ್ಮ ಸಲಹೆಯಂತೆ ಕಡಿತವನ್ನು ಸುಮಾರು 350ಕ್ಕೆ ತಂದೆ, ಪ್ರೋಟೀನನ್ನು ದೇಹತೂಕದ ಪ್ರತಿ ಕೆಜಿಗೆ 1.8 ಗ್ರಾಂಗೆ ಏರಿಸಿದೆ. ಎರಡೇ ವಾರದಲ್ಲಿ ಎತ್ತುವ ಭಾರ ಮತ್ತೆ ಏರತೊಡಗಿತು. ವಾರಕ್ಕೆ ಮೂರು ದಿನ ಇಡೀ ದೇಹಕ್ಕೆ ವ್ಯಾಯಾಮ, ಪ್ರತಿ ಸಲ ಒಂದಾದರೂ ರೆಪ್ (ಒಂದು ಸಲ ಎತ್ತಿ ಇಳಿಸೋದು) ಅಥವಾ ಒಂದಿಷ್ಟು ಭಾರ ಹೆಚ್ಚಿಸುವ ಪ್ರಯತ್ನ, ಅಷ್ಟೇ.

ನಡುವೆ ಮೂರು ವಾರ ತೂಕ ಕದಲಲೇ ಇಲ್ಲ. ಬಿಟ್ಟುಬಿಡೋಣ ಅನ್ನಿಸಿತ್ತು, ನಿಜ. ವ್ಯಾಯಾಮ ಹೊಸದಾದಾಗ ಸ್ನಾಯುಗಳು ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಜೊತೆ ನೀರನ್ನೂ ಹಿಡಿದಿಡುತ್ತವೆ, ಹಾಗಾಗಿ ಕರಗಿದ ಕೊಬ್ಬು ಮಾಪಕದಲ್ಲಿ ಕಾಣೋದಿಲ್ಲ. ಟೇಪ್ ಹಿಡಿದು ಅಳೆಯಿರಿ ಅಂದವರಿಗೆ ಮನಸಾರೆ ಧನ್ಯವಾದ. ಆ ಮೂರು ವಾರದಲ್ಲೇ ಸೊಂಟ 2 ಸೆಂ.ಮೀ. ಇಳಿದಿತ್ತು.

ಈಗ ಎತ್ತುವ ಭಾರದ ಏರಿಕೆ ನಿಧಾನವಾಗಿದೆ. ಇನ್ನೆರಡು ಕೆಜಿ ತೂಕ ಇಳಿಸಿ, ಆಮೇಲೆ ಕ್ಯಾಲೊರಿ ಕಡಿತ ನಿಲ್ಲಿಸ್ತೀನಿ.